ವೃಷಣದ ಗೆಡ್ಡೆಯಲ್ಲಿ ಸಿಕ್ಕ ಗಿಡ್ಡ ವರ್ಣತಂತು

ಕ್ಯಾನ್ಸರ್ ಎಂದರೆ ವಯಸ್ಸಾದವರ ಕಾಯಿಲೆ ಎಂಬುದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ವೃಷಣದ ಕ್ಯಾನ್ಸರ್ ಹಾಗಲ್ಲ. ಅದು ಹೆಚ್ಚಾಗಿ ಕಾಡುವುದು 15ರಿಂದ 40ರ ಒಳಗಿನವರನ್ನು. ಡೆನ್ಮಾರ್ಕ್, ನಾರ್ವೆಗಳಲ್ಲಿ ಇದರ ಹಾವಳಿ ಜಾಸ್ತಿ, ಭಾರತದಲ್ಲಿ ಕಡಿಮೆ. ಬಹುಪಾಲು ಗೆಡ್ಡೆಗಳು ಹುಟ್ಟುವುದು ಮುಂದೆ ವೀರ್ಯಾಣುಗಳಾಗಬೇಕಿದ್ದ ಜರ್ಮ್ ಕೋಶಗಳಿಂದ.

ಇಂಥ ಗೆಡ್ಡೆಯ ಒಂದು ಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಲೆಕ್ಕವೇ ತಪ್ಪಿಹೋಗಿರುತ್ತದೆ. 46 ಇರಬೇಕಾದ ವರ್ಣತಂತುಗಳು 60, 70ರ ಆಸುಪಾಸಿನಲ್ಲಿರುತ್ತವೆ. ಆ ಗುಂಪಿನಲ್ಲಿ ಒಂದು ಗಿಡ್ಡ ವರ್ಣತಂತು ಬೇರೆಯಾಗಿ ಕಾಣುತ್ತದೆ. ನಡುವಿನಿಂದ ಎರಡೂ ಕಡೆಗೆ ಒಂದೇ ಉದ್ದ, ಒಂದೇ ಪಟ್ಟೆಗಳು, ಕನ್ನಡಿ ಹಿಡಿದ ಹಾಗೆ. 1982ರಲ್ಲಿ ಬ್ರಿಟನ್ನಿನ ಆಟ್ಕಿನ್ ಮತ್ತು ಬೇಕರ್ ಇದನ್ನು ಗುರುತಿಸಿ, ಇದು 12ನೇ ವರ್ಣತಂತುವಿನ ತುಂಡು ಎಂದು ವರದಿ ಮಾಡಿದರು.

12ನೇ ವರ್ಣತಂತುವಿಗೆ ಒಂದು ಗಿಡ್ಡ ತೋಳು, ಒಂದು ಉದ್ದ ತೋಳು. ಕೋಶ ಒಡೆದು ಎರಡಾಗುವಾಗ ವರ್ಣತಂತು ಉದ್ದಕ್ಕೆ ಸೀಳಿಕೊಳ್ಳಬೇಕು. ಅಡ್ಡಕ್ಕೆ ಸೀಳಿತೋ, ಎರಡು ಗಿಡ್ಡ ತೋಳುಗಳು ಒಂದಕ್ಕೊಂದು ಅಂಟಿ ಐಸೊಕ್ರೋಮೋಸೋಮ್ ಆಗುತ್ತದೆ. ತರುಣರ ಗೆಡ್ಡೆಗಳಲ್ಲಿ ಸುಮಾರು 80 ಶೇಕಡಾದಲ್ಲಿ ಇದು ಸಿಗುತ್ತದೆ. ಇದಿಲ್ಲದ ಗೆಡ್ಡೆಗಳಲ್ಲೂ ಸಾಮಾನ್ಯವಾಗಿ ಅದೇ ಗಿಡ್ಡ ತೋಳಿನ ಹೆಚ್ಚುವರಿ ತುಣುಕುಗಳು ಬೇರೆಲ್ಲೋ ಸೇರಿಕೊಂಡಿರುತ್ತವೆ. ಕೋಶ ವಿಭಜನೆಯನ್ನು ತಳ್ಳುವ ಸಿಸಿಎನ್‌ಡಿ2, ಕೆಆರ್‌ಎಎಸ್, ಭ್ರೂಣಾವಸ್ಥೆಯ ಗುಣ ಉಳಿಸುವ ನ್ಯಾನೊಗ್ ಜೀನ್‌ಗಳು ಇರುವುದು ಈ ತೋಳಿನಲ್ಲೇ. ಇವುಗಳಲ್ಲಿ ನಿಜವಾದ ಅಪರಾಧಿ ಯಾವುದೆಂಬ ಚರ್ಚೆ ಮುಗಿದಿಲ್ಲ.

ಕಥೆ ಶುರುವಾಗುವುದು ತಾಯಿಯ ಗರ್ಭದಲ್ಲಿ. ಬೆಳೆಯದೆ ನಿಂತ ಕೆಲವು ಭ್ರೂಣಾವಸ್ಥೆಯ ಜರ್ಮ್ ಕೋಶಗಳು ವೃಷಣದಲ್ಲಿ ಉಳಿದು, ಹರೆಯ ಬಂದಮೇಲೆ ಎಚ್ಚರಗೊಳ್ಳುತ್ತವೆ. 1972ರಲ್ಲಿ ಡೆನ್ಮಾರ್ಕಿನ ಸ್ಕಾಕ್ಕೆಬೆಕ್ ಈ ಪೂರ್ವಸ್ಥಿತಿಯನ್ನು ಗುರುತಿಸಿದ್ದರು. ಆ ಹಂತದಲ್ಲಿ ಗಿಡ್ಡ ತೋಳಿನ ಹೆಚ್ಚಳ ಸಾಮಾನ್ಯವಾಗಿ ಕಾಣದು. ಕೋಶಗಳು ಹೊರಗೆ ನುಗ್ಗಿದಾಗ ಕಾಣುತ್ತದೆ. ಪುಟ್ಟ ಮಕ್ಕಳ ಗೆಡ್ಡೆಗಳಲ್ಲಿ ಈ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ವಯಸ್ಸಾದವರಲ್ಲಿ ಬರುವ ಸ್ಪರ್ಮಟೊಸೈಟಿಕ್ ಗೆಡ್ಡೆಯಲ್ಲಿ ಹೆಚ್ಚಿರುವುದು 9ನೇ ವರ್ಣತಂತು. ಅಂಗ ಒಂದೇ ಆದರೂ ಕಾಯಿಲೆಗಳು ಬೇರೆ ಬೇರೆ ಎನ್ನಲು ಇಷ್ಟು ಸಾಕು.

ಈ ಗುರುತಿನಿಂದ ವೈದ್ಯರಿಗೆ ಉಪಕಾರವೂ ಇದೆ. ಎದೆಗೂಡಿನ ನಡುವೆ, ಹೊಟ್ಟೆಯ ಹಿಂಭಾಗದಲ್ಲಿ ಮೂಲ ತಿಳಿಯದ ಗೆಡ್ಡೆ ಸಿಕ್ಕಾಗ, ವರ್ಣತಂತುವಿನ ಭಾಗಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸುವ ಫಿಶ್ ಪರೀಕ್ಷೆಯಲ್ಲಿ ಐಸೊಕ್ರೋಮೋಸೋಮ್ ಕಂಡರೆ ಅದು ಜರ್ಮ್ ಕೋಶದ್ದೆಂಬ ಬಲವಾದ ಸುಳಿವು. ಸುಳಿವು ಸಿಕ್ಕರೆ ಔಷಧವೂ ಇದೆ: ಸಿಸ್‌ಪ್ಲಾಟಿನ್. 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆ ಔಷಧಗಳೊಡನೆ ಕೊಡತೊಡಗಿದರು. ಹಿಂದೆ ಹರಡಿದ ಗೆಡ್ಡೆಯೆಂದರೆ ಸಾವೇ ಎಂಬಂತಿತ್ತು. ಈಗ ಅಂಥವರಲ್ಲೂ ಸುಮಾರು 80 ಶೇಕಡಾ ಮಂದಿ ಗುಣವಾಗುತ್ತಾರೆ. ವರ್ಣತಂತುಗಳು ಇಷ್ಟು ಅಸ್ತವ್ಯಸ್ತವಾಗಿದ್ದರೂ ಕೋಶವನ್ನು ಸಾಯಿಸುವ ಪಿ53 ಜೀನ್ ಬಹುತೇಕ ಗೆಡ್ಡೆಗಳಲ್ಲಿ ಕೆಡದೆ ಉಳಿದಿರುವುದು ಇದಕ್ಕೊಂದು ಕಾರಣ.

ವೃಷಣದಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕರೆ ನಾಚಿಕೆಯಿಂದ ತಿಂಗಳುಗಟ್ಟಲೆ ಸುಮ್ಮನಿರಬೇಡಿ. ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯ ಕಾಪಿಡುವ ಬಗ್ಗೆ ವೈದ್ಯರನ್ನು ಕೇಳಿ.