ಮಣ್ಣಿನ ಹದ: ನೀರು, ಗಾಳಿಗಳ ಸಂಚಾರ

ಉಡುಪಿ ತಾಲೂಕಿನ ಅಲೆವೂರು ಸೀಮೆಯಲ್ಲಿ ವರ್ಷಂಪ್ರತಿ ಸುಮಾರು 4000 ಮಿಲಿಮೀಟರು ಮಳೆ ಬೀಳುವುದಷ್ಟೆ. ಅದರ ಬಹುಭಾಗವು ಜೂನಿನಿಂದ ಸಪ್ಟಂಬರದೊಳಗೇ ಸುರಿದುಹೋಗುವುದು. ಇಷ್ಟಾದರೂ ಬೇಸಗೆಯಲ್ಲಿ ಬೆಟ್ಟುಗದ್ದೆಗಳು ಬಿರಿಯುವುವು. ಭತ್ತದ ಕೊಯ್ಲಾದ ಬಳಿಕ ಬಿತ್ತಿದ ಉದ್ದು ಕೆಲವು ಗದ್ದೆಗಳಲ್ಲಿ ಹಳದಿಯಾಗಿ, ಕೆಲವುಗಳಲ್ಲಿ ಬಾಡಿ ಕೆಡುವುದು. ಮೊದಲಿನದಕ್ಕೆ ಗಾಳಿಯ ಕೊರತೆ, ಎರಡನೆಯದಕ್ಕೆ ನೀರಿನ ಕೊರತೆ ಕಾರಣವಾಗಿರಬಹುದು. ಎರಡರ ಮೂಲವೂ ಮಣ್ಣಿನ ರಂಧ್ರಗಳಲ್ಲಿದೆ.

ಮಣ್ಣಿನ ಕಣಗಳ ನಡುವೆ ದೊಡ್ಡವೂ ಸಣ್ಣವೂ ಆದ ರಂಧ್ರಗಳಿರುವುವು. ಮಳೆ ನಿಂತ ಬಳಿಕ ದೊಡ್ಡ ರಂಧ್ರಗಳ ನೀರು ತನ್ನ ಭಾರದಿಂದಲೇ ಕೆಳಗಿಳಿದು, ಆ ಸ್ಥಳವನ್ನು ಗಾಳಿಯು ತುಂಬುವುದು. ಸಣ್ಣ ರಂಧ್ರಗಳ ನೀರಾದರೋ, ದೀಪದ ಬತ್ತಿಯಲ್ಲಿ ಎಣ್ಣೆ ನಿಂತಂತೆ ನಿಂತು, ಒದ್ದೆಯ ಕಡೆಯಿಂದ ಒಣಗಿದ ಕಡೆಗೆ ಸರಿಯುವುದು, ಮೇಲಕ್ಕೂ ಏರುವುದು. ಈ ಚಲನೆಯ ನಿಯಮವನ್ನು ಅಮೆರಿಕದ ಬಕಿಂಗ್‌ಹ್ಯಾಮ್ ಎಂಬವರು 1907ರಲ್ಲಿ ನಿರೂಪಿಸಿದರು. 1931ರಲ್ಲಿ ರಿಚರ್ಡ್ಸ್ ಎಂಬವರು ಅದನ್ನು ಸಮೀಕರಣಕ್ಕೆ ತಂದರು. ಅದರ ಸಾರವಿಷ್ಟು: ಮಣ್ಣು ಒಣಗಿದಂತೆಲ್ಲ ನೀರಿನ ದಾರಿಗಳು ಒಂದೊಂದಾಗಿ ಕಡಿದು, ಅದರ ನಡೆಯು ಬಹು ಮಂದವಾಗುವುದು.

ಬೇರುಗಳೂ ಉಸಿರಾಡುವುವು. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಹರಡುವುದು. ಭತ್ತದ ಗಿಡವು ತನ್ನೊಳಗಿನ ಟೊಳ್ಳು ಮಾರ್ಗಗಳಿಂದ ಬೇರಿಗೆ ಗಾಳಿಯನ್ನಿಳಿಸಿಕೊಳ್ಳುವುದು. ಉದ್ದಿಗೆ ಆ ಅನುಕೂಲವಿಲ್ಲ. ನಾಟಿಗಾಗಿ ಕೆಸರು ಮಾಡಿದ ಗದ್ದೆಯಲ್ಲಿ ದೊಡ್ಡ ರಂಧ್ರಗಳು ಬಹುಮಟ್ಟಿಗೆ ಮುಚ್ಚಿಹೋಗಿರುವುವು. ಅದನ್ನು ಹಸಿಯಲ್ಲೇ ಉತ್ತರೆ ಹೆಂಟೆಗಳು ಒಣಗಿ ಇಟ್ಟಿಗೆಯಂತಾಗುವುವು. ಪೂರ್ತಿ ಒಣಗಿದ ಮೇಲೆ ಉತ್ತರೆ ಮೊಳಕೆಗೆ ತೇವವೇ ಉಳಿಯದು.

ಆದುದರಿಂದ ಹದವನ್ನರಿಯುವುದೇ ಮುಖ್ಯ. ನಾಲ್ಕು ಅಂಗುಲ ಆಳದ ಮಣ್ಣು ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ, ಸೊಂಟದೆತ್ತರದಿಂದ ಬಿಟ್ಟಾಗ ಪುಡಿಯಾದರೆ ಅದೇ ಹದ. ಕೊಯ್ಲಿಗೆ ಮುಂಚಿತವಾಗಿ ಬೈಲು, ಮಜಲು ಗದ್ದೆಗಳ ನೀರನ್ನು ಕಣಿಗಳ ಮೂಲಕ ಬಿಟ್ಟುಬಿಡತಕ್ಕದ್ದು. ಹದ ಬಂದ ದಿನವೇ ಉತ್ತು, ಬಿತ್ತಿ, ಹಲಗೆ ಎಳೆಯತಕ್ಕದ್ದು. ಬೆಟ್ಟುಗದ್ದೆಯಲ್ಲಿ ಕೊಯ್ಲಾದೊಡನೆ ಮೇಲ್ಮಣ್ಣನ್ನು ತೆಳ್ಳಗೆ ಕೆದಕಿದರೆ, ಆ ಒಣಪದರವೇ ಕೆಳಗಿನ ತೇವಕ್ಕೆ ಮುಚ್ಚಳವಾಗುವುದು. ಬೇಗನೆ ಆರುವ ಮುರಕಲ್ಲಿನ ಮಣ್ಣಿಗೆ ಸೊಪ್ಪು, ಹಟ್ಟಿಗೊಬ್ಬರಗಳು ನೀರು ಹಿಡಿಯುವ ಶಕ್ತಿಯನ್ನು ಕೊಡುವುವು. ತೆಂಗಿನ ಬುಡಕ್ಕೆ ಮಣ್ಣಿನ ತೇವ ಆರುವ ಮೊದಲೇ ತೆಂಗಿನ ಸಿಪ್ಪೆಯನ್ನು ಬೆನ್ನು ಮೇಲಾಗಿ ಹಾಸತಕ್ಕದ್ದು.

ಇವುಗಳಲ್ಲಿ ಕಣಿಯ ಕೆಲಸವು ಒಬ್ಬರಿಂದಾಗುವಂತಹುದಲ್ಲ. ಕೆಳಗಿನ ಗದ್ದೆಯವರು ಕಣಿಯನ್ನು ಮುಚ್ಚಿದರೆ ಮೇಲಿನ ಗದ್ದೆಗಳ ಬೇರುಗಳಿಗೆಲ್ಲ ಉಸಿರು ಕಟ್ಟುವುದು. ಗ್ರಾಮದ ಮುಖಂಡರು ಕೊಯ್ಲಿಗೆ ಮೊದಲೇ ಬೈಲಿನವರನ್ನೆಲ್ಲ ಕೂಡಿಸಿ ಕಣಿಗಳನ್ನು ತೆಗೆಯಿಸಿದಲ್ಲಿ, ಇಡೀ ಬೈಲಿಗೆ ಎರಡನೆಯ ಬೆಳೆಯು ಕೈಗೂಡುವುದು.