ವೀರಗಲ್ಲುಗಳ ಶಿಲ್ಪಕ್ರಮವೂ ಲಿಪಿಕ್ರಮವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ಕೆರೆಯೇರಿಗಳ ಮೇಲೂ ದೇವಾಲಯಗಳ ಅಂಗಳದಲ್ಲಿಯೂ ನಿಂತಿರುವ ವೀರಗಲ್ಲುಗಳು ರಣದಲ್ಲಿ ಮಡಿದವರ ಸ್ಮಾರಕಗಳು. ಇವುಗಳ ರಚನೆಯಲ್ಲಿ ವಿದ್ಯಾರ್ಥಿಗಳಿಗೆ ಮೊದಲು ತಿಳಿಸಬೇಕಾದ ಒಂದು ವಿಶೇಷವುಂಟು. ಅದೆಂತೆಂದರೆ, ಇಲ್ಲಿಯ ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಲಿಪಿಯನ್ನಾದರೋ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದಬೇಕು.

ಪ್ರಾಯಿಕವಾಗಿ ವೀರಗಲ್ಲಿನಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗಣದರಲ್ಲಿ ವೀರನ ಕಾಳಗ. ನಡುವಣದರಲ್ಲಿ ಅಪ್ಸರೆಯರು ಅವನನ್ನು ಊರ್ಧ್ವಲೋಕಕ್ಕೆ ಕರೆದೊಯ್ಯುವುದು. ಮೇಲಣದರಲ್ಲಿ ಅವನು ಇಷ್ಟದೈವದ ಸನ್ನಿಧಿಯಲ್ಲಿ ಕುಳಿತಿರುವುದು. ಶಿಖರದಲ್ಲಿ ಕೀರ್ತಿಯ ಚಿರತ್ವವನ್ನು ಸೂಚಿಸುವ ಸೂರ್ಯಚಂದ್ರರು. ಅಂತಸ್ತುಗಳ ನಡುವಣ ಪಟ್ಟಿಕೆಗಳಲ್ಲಿ ಶಾಸನ. ಅದು ಅರಸನ ಬಿರುದುಗಳಿಂದ ಆರಂಭವಾಗಿ, ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮೊದಲಾದ ಕಾರಣವನ್ನು ಹೇಳಿ, ಮಡಿದವನ ಹೆಸರಿಗೆ ಇಳಿಯುತ್ತದೆ; ಅನೇಕ ಕಡೆ ಅವನ ಮನೆಯವರಿಗೆ ಬಿಟ್ಟ ಬಾಳ್ಗಚ್ಚು, ನೆತ್ತರುಗೊಡಗೆ ಮುಂತಾದ ಭೂಮಿಯನ್ನು ಹೇಳಿ ಮುಗಿಯುತ್ತದೆ. ಲಿಪಿಯಲ್ಲಿ ಕೊನೆಗೆ ಬರುವವನೇ ಶಿಲ್ಪದಲ್ಲಿ ಮೊದಲಿಗನು.

ಲಿಪಿಯ ಈ ಅವರೋಹಣಕ್ಕೆ ಮದ್ದೂರು ತಾಲ್ಲೂಕಿನಿಂದ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದಿರುವ ಆತಕೂರಿನ ಕಲ್ಲು ಪ್ರಸಿದ್ಧ ನಿದರ್ಶನ. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949-50. ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನನ್ನೂ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನನ್ನೂ ಹೇಳಿ, ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಬರುತ್ತದೆ. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರನು ಬೇಡಿದ್ದು ಕಾಳಿಯೆಂಬ ನಾಯನ್ನು. ಆ ನಾಯಿ ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಕಲ್ಲು ನಿಂತದ್ದು ನಾಯಿಗಾಗಿ. ಕೆತ್ತಿರುವುದೂ ನಾಯಿಹಂದಿಗಳ ಹೋರಾಟವನ್ನೇ. ಲಿಪಿಯನ್ನು ಮಾತ್ರ ಅಚ್ಚುಹಾಕಿ ಓದಿದವರಿಗೆ ಇದು ತಕ್ಕೋಲದ ಚರಿತ್ರೆ. ಕಲ್ಲಿನೆದುರು ನಿಂತವನಿಗೆ ಕಾಳಿಯ ಸ್ಮಾರಕ. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪವು ತಗಲುವುದೆಂಬ ವಿಧಿಯೂ ಅಲ್ಲಿದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ ಶಕ 979ರ (ಕ್ರಿ.ಶ. 1057) ಶಿಲೆಯು ವೀರಗಲ್ಲಲ್ಲ, ಮಹಾಸತಿಯ ಸ್ಮಾರಕ, ಆದರೂ ಅದರ ಲಿಪಿಯಲ್ಲಿ ಇದೇ ಅವರೋಹಣವನ್ನು ಕಾಣಬಹುದು. ರಾಜೇಂದ್ರಚೋಳನ ಆಳಿಕೆಯನ್ನು ಹೇಳಿದ ಬಳಿಕ ಅದು ದೇಕಬ್ಬೆಯ ಕಥೆಯನ್ನು ಕನ್ನಡ ಪದ್ಯಗಳಲ್ಲಿ ನಿರೂಪಿಸುತ್ತದೆ. ಆಕೆಯ ಪತಿ ಏಚನು ಮಲ್ಲಯುದ್ಧದಲ್ಲಿ ಸಂಭವಿಸಿದ ಕೊಲೆಯ ನಿಮಿತ್ತ ರಾಜಾಜ್ಞೆಯಿಂದ ತಲಕಾಡಿನಲ್ಲಿ ವಧಿಸಲ್ಪಟ್ಟನು. ಅದನ್ನು ಕೇಳಿ, ತಡೆದ ಬಂಧುಗಳ ಮಾತನ್ನು ಮೀರಿ, ಆಕೆ ಅಗ್ನಿಪ್ರವೇಶ ಮಾಡಿದಳು. ದಂಡನೆಗೆ ತುತ್ತಾದವನ ಮನೆಯ ದುಃಖವೂ ರಾಜನಾಮದ ಅಡಿಯಲ್ಲಿಯೇ ಬರೆಯಲ್ಪಟ್ಟಿತು.

ಇದರಿಂದ ಸಿದ್ಧವಾಗುವುದೇನೆಂದರೆ, ಇಂಥ ಕಲ್ಲುಗಳಲ್ಲಿ ರಾಜನಾಮವು ಕಾಲವನ್ನು ನಿರ್ದೇಶಿಸುವುದಕ್ಕೆ, ಕಲ್ಲು ಸತ್ತವರದು. ರಾಜಾವಳಿಯ ಶೋಧಕ್ಕಾಗಿ ಮೊದಲ ಪಂಕ್ತಿಗಳನ್ನು ಎತ್ತಿಕೊಂಡು ಉಳಿದುದನ್ನು ಬಿಡುವುದು ಯುಕ್ತವಲ್ಲ. ಲಿಪಿಯನ್ನು ಕೊನೆಯವರೆಗೆ ಇಳಿದು ಓದಿ, ಶಿಲ್ಪವನ್ನು ಬುಡದಿಂದ ಏರಿ ನೋಡಿದಾಗಲೇ ಸ್ಮಾರಕದ ಅರ್ಥವು ಪೂರ್ಣವಾಗುತ್ತದೆ.