ರಜಸ್ಸೂತಕ: ಶರಣರ ನಿಲುವು ಮತ್ತು ಇಂದಿನ ಆಚರಣೆ

ವೀರಶೈವ ಧರ್ಮವು ಅಲ್ಲಗಳೆದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದರಿಂದಲೂ ಲಿಂಗಧಾರಿಗೆ ಮೈಲಿಗೆ ತಟ್ಟದೆಂಬುದು ಶರಣರ ನಿಲುವು. ಇವುಗಳಲ್ಲಿ ಜಾತಿಸೂತಕವನ್ನು ಕುರಿತು ಉಪನ್ಯಾಸಗಳು ನಡೆಯುತ್ತವೆ, ಗ್ರಂಥಗಳು ಹೊರಡುತ್ತವೆ. ರಜಸ್ಸೂತಕದ ಮಾತು ಬಂದಾಗ ಮಾತ್ರ ವಿದ್ವಾಂಸರೂ ಸಂಕೋಚದಿಂದ ಮುಂದಿನ ವಿಷಯಕ್ಕೆ ಸಾಗಿಬಿಡುತ್ತಾರೆ. ಈ ಮೌನದ ಫಲವಾಗಿ, ತತ್ತ್ವದಲ್ಲಿ ಇಲ್ಲದ ಸೂತಕವು ಆಚಾರದಲ್ಲಿ ಉಳಿದುಕೊಂಡಿದೆ. ಆದುದರಿಂದ ಇದನ್ನು ಮುಚ್ಚುಮರೆಯಿಲ್ಲದೆ ವಿವೇಚಿಸುವುದು ಅವಶ್ಯಕ.

ಮೊದಲು ಕನ್ನಡದ ಪದಗಳನ್ನೇ ಗಮನಿಸಬಹುದು. 'ಋತು' ಎಂಬುದು ಕಾಲವನ್ನು ಸೂಚಿಸುವ ಪದ, ಅದರಲ್ಲಿ ನಿಂದೆಯಿಲ್ಲ. 'ಮೈನೆರೆಯುವುದು', 'ದೊಡ್ಡವಳಾಗುವುದು' ಎಂಬಲ್ಲಿ ತುಂಬಿಬರುವ, ಬೆಳೆಯುವ ಭಾವವಿದೆ. 'ಮುಟ್ಟು', 'ಹೊರಗಾಗುವುದು' ಎಂಬ ಮಾತುಗಳಾದರೋ ಮುಟ್ಟಬಾರದು, ಒಳಗೆ ಬರಬಾರದು ಎಂಬ ಕಟ್ಟಳೆಗಳನ್ನು ನೆನಪಿಸುತ್ತವೆ. 'ಹೊಲೆ' ಎಂಬ ಹಳೆಯ ಪದಕ್ಕೆ ರಜಸ್ಸು ಎಂಬ ಅರ್ಥವೂ ಉಂಟು, ಅಶುದ್ಧಿ ಎಂಬ ಅರ್ಥವೂ ಉಂಟು; ಜಾತಿನಿಂದೆಗೂ ಅದೇ ಪದ ಬಳಕೆಯಾಗಿದೆ. ಹೆಣ್ಣನ್ನು ಮೂರು ದಿನ ಹೊರಗೆ ಕೂರಿಸಿದ ಭಾವನೆಯೂ, ದುಡಿಯುವ ಜನರನ್ನು ಬಾಳಿನುದ್ದಕ್ಕೂ ಊರ ಹೊರಗೆ ಇರಿಸಿದ ಭಾವನೆಯೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಬಸವಣ್ಣನವರು ಆ ಬೇರಿಗೇ ಕೈ ಹಾಕಿದರು. ಹೊಲೆಯಿಲ್ಲದೆ ಪಿಂಡಕ್ಕೆ ನೆಲೆಯೇ ಇಲ್ಲವೆಂದು ಒಂದು ವಚನದಲ್ಲಿ ಅವರು ಸ್ಪಷ್ಟಪಡಿಸುತ್ತಾರೆ. ಯಾವುದನ್ನು ಲೋಕ ಅಶುದ್ಧವೆಂದಿತೋ ಅದರ ಆಶ್ರಯದಲ್ಲಿಯೇ ಬ್ರಾಹ್ಮಣನ ದೇಹವೂ ಅಂತ್ಯಜನ ದೇಹವೂ ರೂಪುಗೊಂಡಿವೆ. ಹಾಗಿದ್ದಮೇಲೆ ಕುಲದ ಹೆಮ್ಮೆಗೆ ಆಧಾರವೆಲ್ಲಿ? ಇಲ್ಲಿ ರಜಸ್ಸೂತಕದ ನಿರಾಕರಣೆಯಿಂದಲೇ ಜಾತಿಸೂತಕದ ನಿರಾಕರಣೆ ಹೊರಡುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಮಾತ್ರ ಬಿಟ್ಟೆವೆನ್ನುವುದು ಈ ವಚನಕ್ಕೆ ಸಮ್ಮತವಾಗದು.

ಸಂಸ್ಕೃತ ಗ್ರಂಥವಾದ ಸಿದ್ಧಾಂತ ಶಿಖಾಮಣಿಯ ಅಭಿಪ್ರಾಯವೂ ಇದಕ್ಕೆ ಭಿನ್ನವಲ್ಲ. ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಾಗಲಿ ಪ್ರಸವದಲ್ಲಾಗಲಿ ಸೂತಕವಿಲ್ಲವೆಂದು ಅದು ವಿಧಿಸುತ್ತದೆ. ಇದರ ಹಿಂದಿನ ತರ್ಕ ಸರಳವಾದುದು. ಇಷ್ಟಲಿಂಗವು ಅಂಗವನ್ನು ಕ್ಷಣಕಾಲವೂ ಅಗಲಬಾರದು. ರಜಸ್ವಲೆಯ ದೇಹ ಅಶುದ್ಧವೆಂದಾದರೆ ಆ ದಿನಗಳಲ್ಲಿ ಅವಳು ಲಿಂಗವನ್ನು ಕಳಚಿಡಬೇಕಾಗುತ್ತದೆ, ಅದು ವ್ರತಭಂಗ. ದೇಹದ ಮೇಲೆ ಲಿಂಗವಿರಬಹುದು, ಅಂಗೈಗೆ ಮಾತ್ರ ಬರಬಾರದು ಎಂಬ ನಡುದಾರಿಗೆ ಶಾಸ್ತ್ರದ ಆಧಾರವಿಲ್ಲ.

ಇದು ಗ್ರಂಥಗಳಲ್ಲಿ ಮಾತ್ರ ಉಳಿದ ಮಾತೂ ಆಗಿರಲಿಲ್ಲ. 1799ರ ಅನಂತರ ಮೈಸೂರು ಸೀಮೆಯಲ್ಲಿ ನೆಲೆಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಸ್ತ್ರೀಯರ ಋತುಕಾಲ ಮತ್ತು ಮರಣಗಳ ನಿಮಿತ್ತ ಇತರ ಜಾತಿಗಳು ಪಾಲಿಸುವ ಮೈಲಿಗೆಯನ್ನು ಲಿಂಗವಂತರು ಮನ್ನಿಸುವುದಿಲ್ಲವೆಂದು ದಾಖಲಿಸಿದ್ದಾನೆ. ಅವನ ಬರಹದಲ್ಲಿ ಮೆಚ್ಚುಗೆಗಿಂತ ಆಕ್ಷೇಪಣೆಯೇ ಹೆಚ್ಚು. ಆದುದರಿಂದಲೇ ಆ ಸಾಕ್ಷ್ಯಕ್ಕೆ ಬೆಲೆಯೂ ಹೆಚ್ಚು.

ದೇಹಶಾಸ್ತ್ರವು ಹೇಳುವುದೂ ಶರಣರ ಕಾಣ್ಕೆಗೆ ದೂರವಲ್ಲ. ಗರ್ಭಕೋಶವು ಬರಬಹುದಾದ ಶಿಶುವಿಗಾಗಿ ತಿಂಗಳು ತಿಂಗಳೂ ತನ್ನೊಳಗೆ ರಕ್ತಪೂರಿತವಾದ ಮೆತ್ತನೆಯ ಪದರವನ್ನು ಸಿದ್ಧಗೊಳಿಸುತ್ತದೆ. ಗರ್ಭ ನಿಲ್ಲದಿದ್ದಾಗ ಆ ಪದರ ಕಳಚಿ ಹೊರಬರುತ್ತದೆ. ಸಾಮಾನ್ಯವಾಗಿ 21ರಿಂದ 35 ದಿನಗಳಿಗೊಮ್ಮೆ ಬರುವ ಈ ಸ್ರಾವವು 3ರಿಂದ 7 ದಿನ ಇರುತ್ತದೆ. ಹೋಗುವ ರಕ್ತ ಸುಮಾರು 30ರಿಂದ 80 ಮಿಲಿಲೀಟರ್. ಅದು ವಿಷವಲ್ಲ, ಕೆಟ್ಟ ರಕ್ತವಲ್ಲ. ಅದರೊಡನೆ ದೇಹದ ಕಬ್ಬಿಣದ ಅಂಶವೂ ವ್ಯಯವಾಗುವುದರಿಂದ ಆ ಹೆಣ್ಣಿಗೆ ಬೇಕಾದುದು ಪೌಷ್ಟಿಕ ಆಹಾರ, ಶುಭ್ರವಾದ ಬಟ್ಟೆ, ನೀರು, ಅಗತ್ಯಬಿದ್ದಾಗ ವಿಶ್ರಾಂತಿ. ಮೈನೆರೆದ ಹುಡುಗಿಗೆ ಎಳ್ಳುಬೆಲ್ಲದ ಚಿಗಳಿ, ಕೊಬ್ಬರಿ ಕೊಡುತ್ತಿದ್ದ ಹಿರಿಯರ ವಾತ್ಸಲ್ಯವನ್ನು ಉಳಿಸಿಕೊಳ್ಳಬೇಕು. ಅವಳನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ಬಿಡಬೇಕು.

ಈ ಎರಡನ್ನೂ ಬೇರ್ಪಡಿಸಿ ನೋಡಲು ಬೆಂಗಳೂರಿನ ಪೂರ್ವದ ಅಂಚಿನ ಕಾಡುಗೋಡಿಯಂತಹ ಊರು ಒಳ್ಳೆಯ ನಿದರ್ಶನ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಊರಿನ ಸುತ್ತ ಇಂದು ವೈಟ್‌ಫೀಲ್ಡಿನ ಕೈಗಾರಿಕೆಗಳೂ ಐ.ಟಿ. ಕಂಪನಿಗಳೂ ಹಬ್ಬಿವೆ, 2023ರ ಮಾರ್ಚ್‌ನಲ್ಲಿ ಮೆಟ್ರೋ ರೈಲೂ ಬಂದಿತು. ಇಂತಹ ಕಡೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ 'ಹೊರಗೆ' ಕೂರಲು ಸ್ಥಳವೆಲ್ಲಿ? ಹಜಾರವಿಲ್ಲ, ಹಿತ್ತಲಿಲ್ಲ. ಅಡಿಗೆ ಮಾಡಲು ಬೇರೆಯವರಿಲ್ಲ. ಕೆಲಸಕ್ಕೆ ಹೋಗದಿದ್ದರೆ ಸಂಬಳವಿಲ್ಲ. ಹೀಗೆ ಮೂರು ದಿನದ ಕಟ್ಟಳೆ ತಾನಾಗಿಯೇ ಸಡಿಲಿತು. ಆದರೆ ಅದು ಸಡಿಲಿದುದು ಜಾಗದ ಅಭಾವದಿಂದಲೇ ಹೊರತು ವಿಚಾರದ ಬಲದಿಂದಲ್ಲ. ಆದಕಾರಣ ಅದು ಮನೆಯನ್ನು ಬಿಟ್ಟು ದೇವರ ಗೂಡಿನಲ್ಲಿ ಅಡಗಿ ಕುಳಿತಿದೆ. ಆ ದಿನಗಳಲ್ಲಿ ಯಂತ್ರವನ್ನೂ ಅನ್ನವನ್ನೂ ಮಗುವನ್ನೂ ಮುಟ್ಟುವ ತಾಯಿ, ಎದೆಯ ಮೇಲಿರುವ ತನ್ನ ಲಿಂಗವನ್ನು ಮಾತ್ರ ಅಂಗೈಗೆ ತಂದುಕೊಳ್ಳಲು ಅಂಜುತ್ತಾಳೆ. ಇಂತಹ ಅಂಜಿಕೆ ಎಷ್ಟೋ ಲಿಂಗವಂತ ಮನೆಗಳಲ್ಲಿಯೂ ಉಂಟು.

ಈ ಅಂಜಿಕೆಯನ್ನು ನಿರಪಾಯವೆಂದು ಕಡೆಗಣಿಸಲಾಗದು. ಸೂತಕಭಾವನೆ ಬಲವಾಗಿರುವಲ್ಲಿ ಅದು ಪ್ರಾಣವನ್ನೇ ತೆಗೆದುಕೊಂಡಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕದ ಕಾರಣ ಊರ ಹೊರಗಿನ ಗುಡಿಸಲಿನಲ್ಲಿ ಬಾಣಂತಿಯೊಡನೆ ಇರಿಸಲಾಗಿದ್ದ ಹಸುಗೂಸು ಮೃತಪಟ್ಟಿತು. ಋತುಮತಿಯರನ್ನೂ ಗರ್ಭಿಣಿಯರನ್ನೂ ಹೀಗೆ ಬಲವಂತವಾಗಿ ದೂರವಿರಿಸುವುದು, 2017ರಲ್ಲಿ ಕರ್ನಾಟಕ ರಾಜ್ಯ ರೂಪಿಸಿದ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನ ಕಾಯಿದೆಯಂತೆ ಅಪರಾಧ. ಆ ಸಮುದಾಯವನ್ನು ಹೀಗಳೆಯುವ ಅಧಿಕಾರ ಇತರರಿಗಿಲ್ಲ. ಸೂತಕವನ್ನು ಎಂಟು ಶತಮಾನಗಳ ಹಿಂದೆಯೇ ತ್ಯಜಿಸಿದೆವೆನ್ನುವವರು ತಮ್ಮ ಮನೆಯ ಗೂಡನ್ನು ಮೊದಲು ನೋಡಿಕೊಳ್ಳಬೇಕು.

ಹೊರಗೆ ಕೂರುವ ಪದ್ಧತಿಯಿಂದ ಹೆಣ್ಣಿಗೆ ವಿಶ್ರಾಂತಿಯಾದರೂ ದೊರೆಯುತ್ತಿತ್ತೆಂದು ವಾದಿಸುವವರುಂಟು. ದೊರೆತಿದ್ದರೂ ಅದು ಅವಮಾನದ ಬೆಲೆ ತೆತ್ತು ಪಡೆದ ವಿಶ್ರಾಂತಿ. ಆದರೆ ನೋವೂ ಆಯಾಸವೂ ನಿಜವೆಂಬುದನ್ನು ಮರೆಯುವಂತಿಲ್ಲ. ಸೂತಕವಿಲ್ಲವೆಂದರೆ ನೋವಿಲ್ಲವೆಂದು ಅರ್ಥವಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸರ್ಕಾರಿ ಕಚೇರಿಗಳ, ಗಾರ್ಮೆಂಟ್ಸ್ ಕಾರ್ಖಾನೆಗಳ, ಐ.ಟಿ. ಕಂಪನಿಗಳ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆಯಿತ್ತಿತು. ಇಲ್ಲಿ ಹೆಣ್ಣು ಅಶುದ್ಧಳೆಂದು ದೂರವಾಗುವುದಿಲ್ಲ. ದುಡಿಯುವ ದೇಹಕ್ಕೆ ಸಲ್ಲಬೇಕಾದುದನ್ನು ಪಡೆಯುತ್ತಾಳೆ. ರಜೆಯ ನೆಪದಿಂದ ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿದರೆ ಮಾತ್ರ ಅದು ಹಳೆಯ ಗುಡಿಸಲಿನ ಹೊಸ ರೂಪವಾದೀತು. ದೇಹವನ್ನೇ ದೇಗುಲವಾಗಿ ಕಂಡ ಧರ್ಮದಲ್ಲಿ ದೇಹದ ಆರೈಕೆಯೂ ಕಾಯಕಕ್ಕೆ ವಿರೋಧವಲ್ಲ.

ತಾಯಂದಿರು ಮಗಳು ಮೈನೆರೆಯುವ ಮೊದಲೇ ಅವಳಿಗೆ ಈ ವಿಷಯವನ್ನು ತಿಳಿಯಹೇಳಬೇಕು. ಲಿಂಗದೀಕ್ಷೆ ನೀಡುವ ಗುರುಗಳು, ಪೂಜೆಗೆ ಎಲ್ಲ ದಿನಗಳೂ ಸಮಾನವೆಂಬುದನ್ನು ಆಗಲೇ ಸ್ಪಷ್ಟವಾಗಿ ಹೇಳಬೇಕು. ಗುರುವಿನ ಬಾಯಿಂದ ಆ ಒಂದು ಮಾತು ಬಂದರೆ, ಎಷ್ಟೋ ಹೆಣ್ಣುಮಕ್ಕಳು ಬಾಳಿನುದ್ದಕ್ಕೂ ಹೊತ್ತ ಅಂಜಿಕೆ ಇಳಿದೀತು.